ಎಂಟು ತಟ್ಟಿನ ಜಾಗ

ಶುಕ್ರವಾರ ಬೆಳಿಗ್ಗೆ ದುಬೈಯ ಕರಾಮದ ನಮ್ಮ ಫ್ಲ್ಯಾಟಿನಲ್ಲಿ ನನಗಿಂತ ಮೊದಲು ಗಿಟಾರು ಏಳುತ್ತಿತ್ತು. ನಾನು ಅಡುಗೆಮನೆಯಲ್ಲಿ ದೋಸೆಹಿಟ್ಟಿಗೆ ಉಪ್ಪು ಹಾಕಿ ಕಲಸುವಾಗ ನನ್ನ ಗಂಡ ಲುಂಗಿ ಬನಿಯನ್ನಿನಲ್ಲಿ ಸೋಫಾದ ತುದಿಯಲ್ಲಿ ಕೂತು ಅದರ ಕಿವಿ ಹಿಂಡುತ್ತಿದ್ದರು. ವಾರದ ಉಳಿದ ಆರು ದಿನ ಅವರು ಜೆಬೆಲ್ ಅಲಿಯ ಒಂದು ಗೋದಾಮಿನ ಸ್ಟೋರ್‌ಕೀಪರ್. ಐದೂಮುಕ್ಕಾಲಿಗೆ ಕಂಪನಿ ಬಸ್ಸು, ಕೈಯಲ್ಲಿ ನಾನು ಕಟ್ಟಿಕೊಟ್ಟ ಡಬ್ಬಿ. ರಜೆಯ ಶುಕ್ರವಾರ ಮಾತ್ರ ಹಾಡುಗಾರ. ಆಗ ಅವರಿಗೆ ಐವತ್ತೆಂಟು. ಮುಂಗೈ ಮೇಲಿನ ಕೂದಲು ಪೂರಾ ಬೆಳ್ಳಗಾಗಿತ್ತು, ತಂತಿ ಒತ್ತುವ ಬೆರಳುಗಳ ತುದಿ ಮಾತ್ರ ಇಪ್ಪತ್ತರ ಪ್ರಾಯದಲ್ಲಿದ್ದ ಹಾಗೆ ಗಟ್ಟಿ.

ಏಳೂವರೆಗೆ ಅಬುಧಾಬಿಯಿಂದ ಅವರ ಗೆಳೆಯ ಫೋನ್ ಮಾಡುತ್ತಿದ್ದರು. ಫೋನು ಮುಗಿದ ಮೇಲೆ ದೋಸೆ, ದೋಸೆಯಾದ ಮೇಲೆ ಸ್ನಾನ, ಹತ್ತು ಗಂಟೆಗೆ ಚರ್ಚು. ಇದು ತಪ್ಪಿದ ಶುಕ್ರವಾರ ನನಗೆ ನೆನಪಿಲ್ಲ.

ಆ ದಿನವೂ ಫೋನು ಸರಿಯಾಗಿ ಏಳೂವರೆಗೇ ಬಂತು. ಕಾವಲಿಯ ಮೇಲೆ ನನ್ನ ಎರಡನೆಯ ದೋಸೆ ಇತ್ತು. ಇವರು ಗಿಟಾರನ್ನು ಮೊಣಕಾಲ ಮೇಲೆ ಹಾಗೇ ಇಟ್ಟುಕೊಂಡು ರಿಸೀವರ್ ಎತ್ತಿದರು. ಹಲೋ ಎನ್ನುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

"ಎಂತ ಮುದುಕ, ತಾಳ ಸಿಕ್ಕಿತಾ? ಇಲ್ಲ ಅದನ್ನೂ ಒಗೆಯಲಿಕ್ಕೆ ಹಾಕಿದ್ದೀಯಾ?"

ಗೆಳೆಯ ಇದ್ದದ್ದು ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನ ಲಾಂಡ್ರಿಯಲ್ಲಿ. ಅದಕ್ಕೆ ಒಗೆಯುವ ಮಾತು. ಆಚೆಯಿಂದ ಉತ್ತರ ಬರಲಿಲ್ಲವೆಂದು ಕಾಣುತ್ತದೆ. "ಬಾಯಿ ಬಿಡು ಮಾರಾಯ," ಎಂದರು. ಆಮೇಲೆ ಆಚೆಯಿಂದ ಬಂದ ಮಾತು ಕೇಳಿದರು. ಮೊಣಕಾಲ ಮೇಲಿದ್ದ ಗಿಟಾರನ್ನು ಒಂದೇ ಕೈಯಲ್ಲಿ, ನಿದ್ದೆ ಹೋದ ಮಗುವನ್ನು ಇಳಿಸುವ ಹಾಗೆ, ಗೋಡೆಗೆ ಒರಗಿಸಿದರು. ನನಗೆ ಅಷ್ಟರಲ್ಲೇ ಗೊತ್ತಾಯಿತು.

"ಯಾವಾಗ?" ಎಂದು ಕೇಳಿದರು. ಆಮೇಲೆ ರಿಸೀವರನ್ನು ನನ್ನ ಕಡೆ ಚಾಚಿದರು. "ನೀನು ಕೇಳು. ನನಗೆ ಸರಿ ಕೇಳುವುದಿಲ್ಲ."

ಫೋನಿನಲ್ಲಿದ್ದವರು ಗೆಳೆಯನ ರೂಮ್‌ಮೇಟ್, ಕುಂದಾಪುರ ಕಡೆಯವರು, ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಬೆಳಗಿನ ಜಾವ ಎದೆ ಹಿಡಿದುಕೊಂಡಿತಂತೆ. ಆಂಬುಲೆನ್ಸ್ ಬೇಗ ಬಂದಿತಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರಂತೆ.

"ನಾಲ್ಕು ಗಂಟೆಗೇ ನಿಮಗೆ ಹೇಳಬೇಕಿತ್ತು ಅಕ್ಕ," ಎಂದರು ಆ ಮನುಷ್ಯ. "ಏಳೂವರೆಗೆ ಅವರ ಫೋನು ಬರುವುದನ್ನು ಕಾಯ್ತಿರ್ತೀರಿ ಅಂತ ಗೊತ್ತುಂಟಲ್ಲ. ಅಷ್ಟರವರೆಗಾದರೂ ಸುಖದಲ್ಲಿರಲಿ ಅಂತ ಸುಮ್ಮನೆ ಕೂತೆ. ತಪ್ಪಾಯ್ತೋ ಏನೋ."

ತಪ್ಪಾಗಲಿಲ್ಲ ಎಂದೆ. ದೋಸೆ ಕಪ್ಪಾಗಿತ್ತು.

*

ಅಬುಧಾಬಿಗೆ ಹೋಗುವ ಟ್ಯಾಕ್ಸಿ ಐದು ಜನ ತುಂಬದೆ ಹೊರಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಐದು ಜನ ಸೇರುವಾಗ ಒಂಬತ್ತೂವರೆ ದಾಟಿತು. ಇವರು ಮುಂದಿನ ಸೀಟಿನಲ್ಲಿ ಕೂತರು. ಗುಂಡಿ ತಪ್ಪಿ ಹಾಕಿ ಕಾಲರ್ ಒಂದು ಬದಿ ಮೇಲೆ ಒಂದು ಬದಿ ಕೆಳಗೆ ಆಗಿತ್ತು, ಹಿಂದೆ ಕೂತ ನನಗೆ ಅದು ಅರ್ಧ ದಾರಿ ಕಳೆದ ಮೇಲೆ ಕಂಡಿತು. ಜೆಬೆಲ್ ಅಲಿ ಬಂದಾಗ, ಯಾವಾಗಲೂ ಕೈ ತೋರಿಸಿ "ಅಗೋ ನನ್ನ ಅರಮನೆ" ಎನ್ನುತ್ತಿದ್ದವರು, ಗೋದಾಮುಗಳ ಕಡೆ ತಲೆ ತಿರುಗಿಸಲೂ ಇಲ್ಲ.

ನಾವು ಉಡುಪಿ ಕಡೆಯ ಕ್ರೈಸ್ತರು. ಮನೆಯಲ್ಲಿ ತುಳು, ಪ್ರಾರ್ಥನೆಯಲ್ಲೂ ಹಾಡಿನಲ್ಲೂ ಕನ್ನಡ. ಇವರೂ ಗೆಳೆಯನೂ ಹೊಳೆಬದಿಯ ಹೆಂಚಿನ ಕಾರ್ಖಾನೆಯ ಸಾಲುಮನೆಗಳಲ್ಲಿ ಒಂದೇ ವರ್ಷ ಹುಟ್ಟಿದವರು. ಭಾನುವಾರ ಶಾಲೆಯ ಮೇಷ್ಟ್ರ ಹತ್ತಿರ ಒಂದು ಗಿಟಾರಿತ್ತು, ಇಬ್ಬರೂ ಅದರಲ್ಲೇ ಸರದಿಯ ಮೇಲೆ ಕಲಿತರು. ಹದಿನೇಳನೆಯ ವಯಸ್ಸಿಗೆ ಇಬ್ಬರೂ ಕಾರ್ಖಾನೆಗೆ ಸೇರಿದರು, ಹಾಡು ಕಟ್ಟಲೂ ಶುರು ಮಾಡಿದರು. ಕಾರ್ಖಾನೆಯ ಸೈರನ್ ಕೂಗಿನ ಮೇಲೆ ಒಂದು ಹಾಡು, ಚಿಲ್ಲರೆ ಕೊಡದ ಕಂಡಕ್ಟರನ ಮೇಲೆ ಒಂದು, ಬೂತಾಯಿ ಮೀನು ಮಾರುವ ಹೆಂಗಸಿನ ಮೇಲೆ ಒಂದು. ಆಮೇಲೆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಿಂದಿನ ದಿನದ ಮದರಂಗಿಗೆ ಇವರಿಬ್ಬರು ಬೇಕೇ ಬೇಕು ಎಂದಾಯಿತು. ಹುಡುಗಿಯ ಕೈಗೆ ಮದರಂಗಿ ಹಚ್ಚುವಾಗ ಹಾಡುವ ಸವಾಲು ಜವಾಬಿನ ಹಾಡು ಅವರದ್ದೇ ಒಂದು ರೀತಿ. ಗೆಳೆಯ ಹುಡುಗಿಯ ಅಪ್ಪನಾಗಿ ಒಂದು ಸಾಲು ಕೇಳುವುದು, ಇವರು ಸೋದರಮಾವನಾಗಿ ಒಂದು ಸಾಲು ಹೇಳುವುದು. ಕೇಳುವವನಿಗೆ ಉತ್ತರ ಮೊದಲೇ ಗೊತ್ತಿರಬಾರದು. ಅದೊಂದೇ ಅವರ ನಿಯಮ. "ಗೊತ್ತಿದ್ದರೆ ಕೇಳುವುದೆಂತಕ್ಕೆ?" ಎನ್ನುತ್ತಿದ್ದರು ಇಬ್ಬರೂ, ಯಾರು ಮೊದಲು ಹೇಳಿದ್ದು ಎಂದು ಜಗಳವಾಡುತ್ತಾ.

ಗಲ್ಫಿಗೆ ಬಂದ ಮೇಲೆ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಎರಡು ತಿಂಗಳಿಗೊಮ್ಮೆ ಗೆಳೆಯ ನಮ್ಮಲ್ಲಿಗೆ ಬರುತ್ತಿದ್ದರು. ಚಹಾಕ್ಕೆ ಮೂರು ಚಮಚ ಸಕ್ಕರೆ. "ತಂಗಿ, ಸಕ್ಕರೆಗೆ ಕಂಜೂಸು ಮಾಡಬೇಡ, ಲಾಂಡ್ರಿಯವನ ಬಾಯಿಗೆ ಬರೀ ಸೋಪು ರುಚಿ," ಎನ್ನುವರು. ಒಂದು ಸಲ ಡಬ್ಬಿಯೇ ಖಾಲಿಯಾಗಿ, ಪಕ್ಕದ ಫ್ಲ್ಯಾಟಿನ ಮೈಸೂರಿನವರಿಂದ ಒಂದು ಲೋಟ ಸಾಲ ತಂದಿದ್ದೆ. ಆಕೆಯ ಗಂಡ ಕಂಪ್ಯೂಟರ್ ಕಂಪನಿಯಲ್ಲಿ. ಅವರ ಮಲಗುವ ಕೋಣೆಗೂ ನಮ್ಮ ಹಾಲಿಗೂ ನಡುವೆ ಒಂದೇ ಗೋಡೆ. "ಶುಕ್ರವಾರ ನಮಗೆ ಟಿವಿನೇ ಬೇಡ ಬಿಡಿ," ಎಂದು ನಕ್ಕು ಸಕ್ಕರೆ ಕೊಟ್ಟಿದ್ದರು. ಬೈದದ್ದೋ ಹೊಗಳಿದ್ದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬರಲಾಗದ ದಿನಗಳಿಗೆ ಕ್ಯಾಸೆಟ್ಟು. ಗೆಳೆಯ ತನ್ನ ರೂಮಿನಲ್ಲಿ ಒಂದು ಸಾಲು ಹಾಡಿ, ಇವರ ಉತ್ತರಕ್ಕೆ ಜಾಗ ಬಿಡುತ್ತಿದ್ದರು. ಬಿಟ್ಟ ಜಾಗದಲ್ಲಿ ತಾಳ ತಪ್ಪದಿರಲಿ ಎಂದು ಹಾಲಿನ ಪುಡಿಯ ಖಾಲಿ ಡಬ್ಬದ ಮುಚ್ಚಳದ ಮೇಲೆ ಬೆರಳ ಗೆಣ್ಣಿನಿಂದ ನಾಲ್ಕು ಸಲ ತಟ್ಟುವುದು. ನಾಲ್ಕು ತಟ್ಟು ಎಂದರೆ ಒಂದು ಸಾಲು. ಆಮೇಲೆ ಮುಂದಿನ ಸವಾಲು. ಆ ಕ್ಯಾಸೆಟ್ಟು ಹೋಟೆಲಿನ ಲಾಂಡ್ರಿ ವ್ಯಾನಿನಲ್ಲಿ, ಮಡಚಿದ ಟವೆಲುಗಳ ನಡುವೆ ಸೇರಿ ದುಬೈಗೆ ಬರುತ್ತಿತ್ತು. ನಮ್ಮಲ್ಲಿ ದೊಡ್ಡ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಚ್ಚುವುದು, ಇವರು ಜಾಗ ಬಂದಲ್ಲಿ ಹಾಡುವುದು, ಇಬ್ಬರ ಸ್ವರವನ್ನೂ ಸಣ್ಣ ರೆಕಾರ್ಡರಿನಲ್ಲಿ ಹಿಡಿಯುವುದು. ಎರಡು ಗುಂಡಿ ಒಟ್ಟಿಗೆ ಒತ್ತುವ ಕೆಲಸ ನನ್ನದು. ಅದಕ್ಕೆ ಮೊದಲು ಏಸಿ ಬಂದ್, ಫ್ರಿಜ್ಜಿನ ಪ್ಲಗ್ ಕಿತ್ತು, ಕಿಟಕಿಗೆ ದಪ್ಪ ಪರದೆ. ಸೆಪ್ಟೆಂಬರಿನ ಸೆಕೆಯಲ್ಲಿ ಅರ್ಧ ಗಂಟೆಗೆ ಇಬ್ಬರೂ ಮಿಂದ ಹಾಗೆ ಒದ್ದೆ. ಮುಗಿದ ಮೇಲೆ ಕ್ಯಾಸೆಟ್ಟಿನ ಮೇಲೆ ಹಾಡಿನ ಮೊದಲ ಸಾಲು ಬರೆಯುವುದೂ ನಾನೇ. ಕಾನ್ವೆಂಟಿನಲ್ಲಿ ಸಿಸ್ಟರು ಬೆರಳಿಗೆ ಹೊಡೆದು ತಿದ್ದಿಸಿದ ಅಕ್ಷರ, ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದದ್ದು ಕಡಿಮೆ.

ಮೂರು ವಾರದ ಹಿಂದೆ ಬಂದಿದ್ದು ಗೆಳೆಯನ ಸ್ವಂತ ಮಗಳ ಮದರಂಗಿಯ ಹಾಡು. ಮದುವೆ ಮುಂದಿನ ತಿಂಗಳು. ಗೆಳೆಯನಿಗೆ ರಜೆ ಸಿಕ್ಕಿತ್ತು, ಇವರಿಗೆ ಸಿಕ್ಕಿರಲಿಲ್ಲ. ಆದ್ದರಿಂದ ಮಾವನ ಉತ್ತರಗಳು ಟೇಪಿನಲ್ಲಿ ಊರಿಗೆ ಹೋಗಬೇಕಿತ್ತು. ಇವರು ಹಚ್ಚಿ ಕೇಳಿದರು. ಮೊದಲ ಸವಾಲು ಮುಗಿಯಿತು. ತಟ್ಟು ಶುರುವಾಯಿತು: ಒಂದು, ಎರಡು, ಮೂರು, ನಾಲ್ಕು. ನಿಲ್ಲಲಿಲ್ಲ. ಐದು, ಆರು, ಏಳು, ಎಂಟು. ಎರಡನೆಯದಕ್ಕೂ ಎಂಟು. ಮೂರನೆಯದಕ್ಕೆ ಬರುವಾಗ ಇವರು ಟೇಪು ನಿಲ್ಲಿಸಿಬಿಟ್ಟರು.

"ನಲವತ್ತು ವರ್ಷ ನಾಲ್ಕು ತಟ್ಟಿನ ಸಾಲು ಕಟ್ಟಿ, ಈಗ ಸ್ವಂತ ಮಗಳ ಹಾಡಿಗೆ ಎಂಟು ತಟ್ಟಿದ್ದಾನೆ. ನಾನೆಂತ, ಎರಡೆರಡು ಸಾಲು ಹಾಡುವುದಾ?"

ಮುಂದಿನ ಶುಕ್ರವಾರ ಫೋನಿನಲ್ಲಿ ಹಾಗೇ ಹೇಳಿದರು. ಗೆಳೆಯ ನಕ್ಕರಂತೆ. "ಪ್ರಾಯ ಆಯ್ತಲ್ಲ ಮಾರಾಯ, ಲೆಕ್ಕ ತಪ್ಪಿತು. ಇನ್ನೊಮ್ಮೆ ಹಾಡಿ ಕಳಿಸ್ತೇನೆ." ಕಳಿಸಲಿಲ್ಲ. ಇವರೂ ಹಟದಲ್ಲಿ ಹಳೆಯದನ್ನು ಮುಟ್ಟಲಿಲ್ಲ. ಕ್ಯಾಸೆಟ್ಟು ಫ್ರಿಜ್ಜಿನ ಮೇಲೆ, ಈರುಳ್ಳಿಯ ಬುಟ್ಟಿಯ ಪಕ್ಕ ಕೂತಿತ್ತು. ನಾನು ಎರಡು ದಿನಕ್ಕೊಮ್ಮೆ ಅದರ ಧೂಳು ಒರೆಸಿ ಅಲ್ಲೇ ಇಡುತ್ತಿದ್ದೆ.

*

ಆಸ್ಪತ್ರೆಯಲ್ಲಿ ಮಧ್ಯಾಹ್ನದ ನಮಾಜು ಮುಗಿಯುವ ತನಕ ಕಾದೆವು. ರೂಮ್‌ಮೇಟ್ ಬಾಗಿಲಲ್ಲೇ ನಿಂತಿದ್ದರು, ಕಣ್ಣು ಕೆಂಪಗೆ, ಶರಟು ಮಾತ್ರ ಗರಿಗರಿ ಇಸ್ತ್ರಿ. ಒಳಗೆ ಐದು ನಿಮಿಷ ಬಿಟ್ಟರು.

ಮುಖದ ಬಗ್ಗೆ ನಾನು ಬರೆಯುವುದಿಲ್ಲ. ಇವರು ಮುಖ ನೋಡಿದ್ದೂ ಸ್ವಲ್ಪವೇ ಹೊತ್ತು. ಬಿಳಿ ಬಟ್ಟೆಯ ಅಂಚಿನಿಂದ ಎಡಗೈ ಹೊರಗಿತ್ತು. ಅದರ ಬೆರಳ ತುದಿಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದರು. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಕಿರುಬೆರಳಿಗೆ ಬಂದಾಗ, "ಇದು ಮಾತ್ರ ಯಾವಾಗಲೂ ಮೆತ್ತಗೆ. ಇದನ್ನು ಸರಿಯಾಗಿ ಒತ್ತು ಅಂತ ಹೇಳಿ ಹೇಳಿ ಸಾಕಾಯ್ತು," ಎಂದರು, ನನಗೆ ಹೇಳಿದ್ದೋ ಗೆಳೆಯನಿಗೋ. ಕೈಯನ್ನು ಬಟ್ಟೆಯೊಳಗೆ ಸೇರಿಸಿದರು.

ಆಮೇಲೆ ರೂಮಿಗೆ ಹೋದೆವು. ಹೋಟೆಲಿನ ಹಿಂದಿನ ಹಳೇ ಕಟ್ಟಡ, ಒಂದು ರೂಮಿನಲ್ಲಿ ನಾಲ್ಕು ಮಂಚ. ಗೆಳೆಯನದು ಕಿಟಕಿಯ ಪಕ್ಕ. ಉಳಿದವರ ಮಂಚದ ಮೇಲೆ ಒಂದೊಂದು ದಿಂಬು, ಇದರ ಮೇಲೆ ಮೂರು, ಒಂದರ ಮೇಲೊಂದು, ಗೋಡೆಗೆ ಒರಗಿಸಿ. ಕೆಳಗೆ ಅವರ ಕಪ್ಪು ಶೂ, ಲೇಸು ಪೂರಾ ಕಿತ್ತು ತೆಗೆದದ್ದು. ಹಿಂದಿನ ಸಲ ನಮ್ಮಲ್ಲಿಗೆ ಬಂದಾಗಲೂ ಲೇಸು ಕಟ್ಟಿರಲಿಲ್ಲ. ಹೊಸ ಶೂ ಕಚ್ಚುತ್ತದೇನೋ ಎಂದುಕೊಂಡಿದ್ದೆ. ಈಗ ನೋಡಿದರೆ ಶೂ ಹೊಸದಲ್ಲ.

"ಮೂರು ದಿಂಬು ಯಾಕೆ?" ಎಂದು ಕೇಳಿದೆ.

"ಒಂದು ತಿಂಗಳಿಂದ ಮಲಗಿದ್ದೇ ಇಲ್ಲ ಅಕ್ಕ. ಹೀಗೆ ಕೂತೇ ನಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ದಪ್ಪ ಆಗಿತ್ತು. ಡಾಕ್ಟರು ಇಲ್ಲೇ ಸೇರಿಕೊಳ್ಳಿ ಅಂದರು. ಮಗಳ ಮದುವೆ ಮುಗಿಸಿ ಊರಲ್ಲೇ ತೋರಿಸ್ತೇನೆ ಅಂತ ಇವರು."

"ನನಗೆ ಹೇಳಲಿಲ್ಲ," ಎಂದರು ನನ್ನ ಗಂಡ.

"ಹೇಳಬೇಡ ಅಂದಿದ್ದರು. ನೀವು ಹಾಡು ಬಿಟ್ಟು ಬರೀ ಅದನ್ನೇ ಕೇಳ್ತೀರಿ ಅಂತ." ಅವರು ಮಂಚದ ಕೆಳಗಿಂದ ಹಾಲಿನ ಪುಡಿಯ ಡಬ್ಬ ಎಳೆದರು. ಮುಚ್ಚಳದ ನಡುವೆ ಒಂದು ರೂಪಾಯಿಯಷ್ಟು ಅಗಲ ಗುಳಿ ಬಿದ್ದಿತ್ತು. "ಮಗಳ ಹಾಡು ರೆಕಾರ್ಡ್ ಮಾಡುವ ದಿನ ನಾನು ಇಲ್ಲೇ ಇದ್ದೆ. ಒಂದು ಸಾಲು ಹಾಡಿದರೆ ಮುಂದಿನದಕ್ಕೆ ಉಸಿರು ಬರುವುದಿಲ್ಲ. ಟೇಪು ನಿಲ್ಲಿಸಿ ಅಂದೆ. ನಿಲ್ಲಿಸಿದರೆ ತಾಳ ಹೋಗ್ತದೆ ಅಂತ. ಉಸಿರು ಬರುವ ತನಕ ತಟ್ಟುತ್ತಾ ಕೂತರು. ಆಮೇಲೆ ನೀವು ಬೈದಿರಂತೆ. ಎರಡು ಶುಕ್ರವಾರ ಪುನಃ ಕೂತು ನೋಡಿದರು. ನಾಲ್ಕು ತಟ್ಟಿನಲ್ಲಿ ಆಗಲೇ ಇಲ್ಲ."

ಇವರು ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದೇ ಮಂಚದ ಮೇಲೆ ಕೂತರು. ಮುಚ್ಚಳದ ಗುಳಿಯನ್ನು ಹೆಬ್ಬೆರಳಿನಿಂದ ಸವರಿದರು. ನನಗೆ ಬೇರೊಂದು ನೆನಪಾಯಿತು. ಆ ಕ್ಯಾಸೆಟ್ಟಿನ ಎರಡನೆಯ ತಟ್ಟಿನ ನಂತರ, ಬಾಗಿಲ ಸಂದಿನಲ್ಲಿ ಗಾಳಿ ಎಳೆದ ಹಾಗೆ ಒಂದು ಸದ್ದು ನನಗೆ ಕೇಳಿಸಿತ್ತು. ಮೂರು ವಾರದ ಹಿಂದೆಯೇ ಕೇಳಿಸಿತ್ತು. ಆ ರೂಮಿನ ಏಸಿ ಇರಬೇಕು ಎಂದುಕೊಂಡೆ. ಕಿವಿ ಇವರದ್ದು, ನನ್ನ ಕೆಲಸ ಗುಂಡಿ ಒತ್ತುವುದು ಎಂದು ಸುಮ್ಮನಾಗಿದ್ದೆ. ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು ಎಂದು ಈಗಲೂ ಪಾತ್ರೆ ತೊಳೆಯುವಾಗ ಅನಿಸುತ್ತದೆ.

ಹೊರಡುವಾಗ ರೂಮ್‌ಮೇಟ್ ಮೆಟ್ಟಿಲವರೆಗೆ ಬಂದರು. ಕಾಗದಪತ್ರ ಆದ ಕೂಡಲೇ, ಭಾನುವಾರ ಅಥವಾ ಸೋಮವಾರ, ಗೆಳೆಯನ ದೇಹದೊಟ್ಟಿಗೆ ಊರಿಗೆ ಹೋಗುವವರು ಅವರೇ. ಮದುವೆ ಸ್ವಲ್ಪ ಮುಂದೆ ಹಾಕುತ್ತಾರಂತೆ, ಬಿಡುವುದಿಲ್ಲವಂತೆ. "ಆ ಹಾಡು ತಯಾರಿದ್ದರೆ ಕೊಡಿ ಅಕ್ಕ. ನಾಳೆ ಸಂಜೆ ಲಾಂಡ್ರಿ ವ್ಯಾನು ದುಬೈಗೆ ಬರ್ತದೆ. ಅಪ್ಪನ ಸ್ವರ ಅಂತ ಆ ಹುಡುಗಿಗೆ ಮತ್ತೆ ಬೇರೆ ಸಿಗುವುದಿಲ್ಲ."

ನಾನು ಇವರ ಮುಖ ನೋಡಿದೆ. ಇವರು ಆಗಲೇ ಎರಡು ಮೆಟ್ಟಿಲು ಇಳಿದಿದ್ದರು.

ಟ್ಯಾಕ್ಸಿಯಲ್ಲಿ ಜೆಬೆಲ್ ಅಲಿ ದಾಟಿದ ಮೇಲೆ ಹಿಂದೆ ತಿರುಗದೆಯೇ ಹೇಳಿದರು: "ಖಲಾಸ್. ಗಿಟಾರು ಯಾರಿಗಾದರೂ ಕೊಟ್ಟುಬಿಡು. ಚರ್ಚಿನಲ್ಲಿ ಯಾರಾದರೂ ಮಕ್ಕಳಿಗೆ ಬೇಕಾಗಬಹುದು."

"ಆ ಕ್ಯಾಸೆಟ್ಟು?"

"ಹಾಗೇ ಕಳಿಸು. ಅವನ ಸ್ವರ ಉಂಟಲ್ಲ ಅದರಲ್ಲಿ."

"ಹಾಗೇ ಕಳಿಸಿದರೆ," ನಾನು ಮೆಲ್ಲಗೆ ಹೇಳಿದೆ, "ಅವಳಿಗೆ ಅಪ್ಪ ಕೇಳಿದ್ದು ಕೇಳಿಸುತ್ತದೆ. ಆಮೇಲೆ ಬರೀ ಡಬ್ಬ ತಟ್ಟಿದ್ದು. ಅಪ್ಪ ಕೇಳಿ ಕೇಳಿ ಯಾರೂ ಉತ್ತರ ಕೊಡಲಿಲ್ಲ ಎಂದು ಆಗುತ್ತದೆ."

ಪಕ್ಕದಲ್ಲಿದ್ದ ಮಲಯಾಳಿ ಮುದುಕರೊಬ್ಬರು ನಿದ್ದೆಯಲ್ಲಿ ನನ್ನ ಭುಜಕ್ಕೆ ತಲೆ ತಾಗಿಸಿ, ಎಚ್ಚೆತ್ತು, ಕೈಮುಗಿದು ಸರಿದು ಕೂತರು. ಇವರು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

*

ಮನೆಗೆ ಬಂದಾಗ ಐದು ಗಂಟೆ. ಬೆಳಗಿನ ದೋಸೆಹಿಟ್ಟು ಉಕ್ಕಿ ಪಾತ್ರೆಯ ಹೊರಗೆ ಇಳಿದಿತ್ತು. ಅದನ್ನು ಒರೆಸಿ ಗಂಜಿಗೆ ಇಟ್ಟೆ. ಇವರು ಮುಖ ತೊಳೆದು ಬಂದು ಅಡುಗೆಮನೆಯ ಬಾಗಿಲಲ್ಲಿ ಸುಮಾರು ಹೊತ್ತು ನಿಂತರು. ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದೆ, ತಲೆ ಎತ್ತಲಿಲ್ಲ.

ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ನಿಂತಿತು. ನೋಡಿದರೆ ಪ್ಲಗ್ ಇವರ ಕೈಯಲ್ಲಿತ್ತು.

"ಬಾ," ಎಂದರು. "ಗುಂಡಿ ಒತ್ತು."

ಗಂಜಿಯ ಒಲೆ ಆರಿಸಿದೆ. ಏಸಿ ಬಂದ್ ಮಾಡಿ, ಪರದೆ ಎಳೆದು, ಸಣ್ಣ ರೆಕಾರ್ಡರಿಗೆ ಹೊಸ ಕ್ಯಾಸೆಟ್ಟು ಹಾಕಿದೆ. ಇವರು ಗಿಟಾರು ಎತ್ತಿಕೊಂಡು ಒಂದು ತಂತಿ ಸರಿಮಾಡಿ, ತಲೆಯಾಡಿಸಿದರು.

ಗೆಳೆಯನ ಸ್ವರ ನಮ್ಮ ಹಾಲಿನಲ್ಲಿ ಎದ್ದಿತು. ಹೊತ್ತು ಮುಳುಗಿಲ್ಲ, ಅಂಗಳದ ತುಂಬ ದೀಪ ಯಾಕೆ ಎಂದು ಮೊದಲ ಸವಾಲು. ತಟ್ಟು ಶುರುವಾಯಿತು. ಇವರು ಮೊದಲ ನಾಲ್ಕು ತಟ್ಟಿಗೆ ಹಾಡಲಿಲ್ಲ. ಕಣ್ಣು ಮುಚ್ಚಿ ಆ ಸದ್ದು ಕೇಳಿದರು, ಗಾಳಿ ಎಳೆಯುವ ಆ ಸದ್ದು. ಈಗ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಐದನೆಯ ತಟ್ಟಿಗೆ ಸ್ವರ ಎತ್ತಿದರು: ಹೊತ್ತು ನೋಡಬೇಡ ಭಾವ, ಮಗಳ ಕೈ ನೋಡು, ದೀಪ ಅದಕ್ಕೆ. ಎಂಟಕ್ಕೆ ಸರಿಯಾಗಿ ಮುಗಿಸಿದರು. ಎರಡನೆಯದೂ ಹಾಗೆಯೇ. ನಾಲ್ಕು ತಟ್ಟು ಗೆಳೆಯನ ಉಸಿರಿಗೆ, ನಾಲ್ಕು ಇವರ ಹಾಡಿಗೆ. ಮೊದಲಿನಿಂದ ಹೀಗೇ ಕಟ್ಟಿದ ಹಾಡು ಎಂದು ಯಾರಾದರೂ ನಂಬಬಹುದಿತ್ತು.

ಮೂರನೆಯದು ನಾವಿಬ್ಬರೂ ಅಷ್ಟರವರೆಗೆ ಕೇಳಿರದ ಸವಾಲು. ಸ್ವರ ತುಂಬಾ ಸಣ್ಣಗಾಗಿತ್ತು.

"ಕೈಯ ಮದರಂಗಿ ಒಣಗುವ ತನಕ ಮಗಳು ನನ್ನವಳು, ಒಣಗಿದ ಮೇಲೆ ಯಾರವಳು?"

ಒಂದು. ಎರಡು. ಇವರು ಎಡಗೈಯ ಬೆರಳುಗಳನ್ನು ತಂತಿಯ ಮೇಲೆ ಮುಂದೆ ಸರಿಸಿದರು. ಮೂರು, ನಾಲ್ಕು. ನಾನು ರೆಕಾರ್ಡರಿನ ಕೆಂಪು ದೀಪವನ್ನೇ ನೋಡಿದೆ.

"ಒಣಗಲಿ ಬಿಡು ಭಾವ," ಎಂದು ಹಾಡಿದರು, "ಒಣಗಿದ ಮೇಲಲ್ಲವೇ ಬಣ್ಣ ಏರುವುದು."

ಎಂಟನೆಯ ತಟ್ಟಿನ ಮೇಲೆ ಟೇಪಿನಲ್ಲಿ ಡಬ್ಬ ಕೆಳಗಿಟ್ಟ ಸದ್ದು. ಆಮೇಲೆ ಪ್ರತಿ ಹಾಡಿನ ಕೊನೆಗೆ ಗೆಳೆಯ ಕೇಳುತ್ತಿದ್ದ ಅದೇ ಮಾತು: "ಆಯ್ತಾ ಮಾರಾಯ?"

"ಆಯ್ತು," ಎಂದರು ಇವರು. "ಚಾ ಕುಡಿ."

ನಾನು ಗುಂಡಿ ಒತ್ತಿದೆ. ಅವರು ಅಲ್ಲೇ ಕೂತು ಅತ್ತರು, ಸದ್ದಿಲ್ಲದೆ, ಗಿಟಾರಿನ ಮೇಲೆ ಬೀಳದ ಹಾಗೆ ಮುಖ ಒಂದು ಬದಿಗೆ ತಿರುಗಿಸಿಕೊಂಡು. ನಾನು ಪೆನ್ನು ತೆಗೆದು ಕ್ಯಾಸೆಟ್ಟಿನ ಮೇಲೆ ಮೊದಲ ಸಾಲು ಬರೆದೆ. ಅಕ್ಷರ ಚೆನ್ನಾಗಿ ಬರಲಿಲ್ಲ. ಇನ್ನೊಂದು ಚೀಟಿ ಅಂಟಿಸಿ ಪುನಃ ಬರೆದೆ. ಅವರನ್ನು ಸ್ವಲ್ಪ ಒಬ್ಬರನ್ನೇ ಬಿಡೋಣ ಎಂದು ಕಸದ ಚೀಲ ಕಟ್ಟಿ ಹೊರಗೆ ಹೋದೆ.

ಪಕ್ಕದ ಮೈಸೂರಿನವರೂ ತಮ್ಮ ಚೀಲ ಹಿಡಿದು ಬಾಗಿಲು ಎಳೆದುಕೊಳ್ಳುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ ಟವೆಲು ಸುತ್ತಿದ್ದರು.

"ಅಬುಧಾಬಿಯವರು ಬಂದಿದಾರೆ ಅಲ್ವಾ? ಈಗ ತಾನೇ ಇಬ್ಬರೂ ಹಾಡ್ತಾ ಇದ್ದದ್ದು ಕೇಳಿಸ್ತು," ಎಂದರು, ಕಸದ ಮುಚ್ಚಳ ಎತ್ತುತ್ತಾ. "ಸಕ್ಕರೆ ಬೇಕಿದ್ರೆ ಸಂಕೋಚ ಮಾಡ್ಕೋಬೇಡಿ ಕಣ್ರೀ, ನಿನ್ನೆ ತಾನೇ ತಂದಿದೀನಿ."